ಖಾಲಿ ಸೂಟ್‌ಕೇಸಿನ ತೂಕ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟು, ಮನೆಯಲ್ಲಿ ಮೊದಲ ಮಾಮೂಲಿ ಬೆಳಗಾಯಿತು. ನನ್ನ ಅಡುಗೆಮನೆಯಲ್ಲಿ ಒಬ್ಬ ಗಂಡಸು ಡ್ರಾಯರುಗಳನ್ನು ಎಳೆದು ಹುಡುಕುತ್ತಿದ್ದ.

ಚಮಚಗಳ ಸದ್ದಿಗೆ ಎಚ್ಚರವಾಯಿತು. ಗಂಡ ಕಾಫಿ ಮಾಡುತ್ತಿದ್ದಾನೆ ಅಂದುಕೊಂಡೆ.

ಒಂದೇ ಕ್ಷಣ.

ಎದ್ದು ಹೋಗಿ ನೋಡಿದರೆ ಭಾವ. ನನ್ನ ಗಂಡನ ಅಕ್ಕನ ಗಂಡ. ಸಾವಿನ ಮನೆಗೆ ಓಡಾಡಲು ಅನುಕೂಲವಾಗಲಿ ಎಂದು ಯಾರೋ ಅವನಿಗೆ ಬೀಗದ ಕೈ ಕೊಟ್ಟಿದ್ದರು. ಅದಿನ್ನೂ ಅವನ ಜೇಬಿನಲ್ಲೇ ಇತ್ತು.

"ಏನು ಹುಡುಕ್ತಿದ್ದೀರಿ ಭಾವ?"

"ಸಕ್ಕರೆ."

"ಅದು ಕತ್ತರಿ, ಸುತ್ತಿಗೆ ಇಡೋ ಡ್ರಾಯರ್."

ಭಾವ ನಕ್ಕ. ಡ್ರಾಯರನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದ.

ನನ್ನ ಕೆಲಸವೇನೆಂದು ನಿಮಗೆ ಹೇಳಿಬಿಡುತ್ತೇನೆ. ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ತನಿಖೆ. ಯಾರಾದರೂ ಸತ್ತರೆ ಆ ಮನೆಗೆ ಹೋಗುತ್ತೇನೆ. ಅಳುತ್ತಿರುವವರ ಎದುರು ಕೂರುತ್ತೇನೆ. ಅವರು ಎಲ್ಲಿ ಸುಳ್ಳು ಹೇಳುತ್ತಾರೆ ಎಂದು ಕಾಯುತ್ತೇನೆ. ನಾಲ್ಕು ಜನ ಮೆಚ್ಚುವ ಕೆಲಸವಲ್ಲ. ಆದರೆ ಅದು ಒಂದು ಪಾಠ ಕಲಿಸಿದೆ... ಕಣ್ಣೀರು ಆರುವ ಮೊದಲೇ ವಸ್ತು ಕೇಳಲು ಬರುವವನ ಮೇಲೆ ಕಣ್ಣಿಡಬೇಕು.

"ಆ ಸೂಟ್‌ಕೇಸು ಕಣಮ್ಮ," ಎಂದ ಭಾವ. "ಏರ್‌ಪೋರ್ಟ್ ಹೋಟೆಲಿನ ಲಗೇಜ್ ರೂಮಲ್ಲಿ ಬಿದ್ದಿದೆ. ಟೋಕನ್ ಇಲ್ಲದೆ ಕೊಡಲ್ಲ ಅಂತಾರೆ, ದರಿದ್ರದವರು. ನಿನ್ನ ಗಂಡನ ಸಾಮಾನಿನಲ್ಲಿ ಟೋಕನ್ ಏನಾದ್ರೂ ಸಿಕ್ತಾ?"

ಸಿಕ್ಕಿತ್ತು. ನನ್ನ ಪಾಸ್‌ಪೋರ್ಟಿನ ಕವರಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ. ಅದು ಯಾವುದರದೆಂದು ಆ ಗಳಿಗೆಯವರೆಗೆ ನನಗೆ ಗೊತ್ತಿರಲಿಲ್ಲ.

"ಇಲ್ಲ," ಎಂದೆ.

ಭಾವ ಹತ್ತಿರ ಬಂದ. ನನ್ನ ಮಣಿಕಟ್ಟು ಹಿಡಿದ. ಹಾಲಿಗೆಂದು ಅವನೇ ಹೊತ್ತಿಸಿದ್ದ ಒಲೆ ಉರಿಯುತ್ತಿತ್ತು. ಮೆಲ್ಲಗೆ, ಮಗುವಿಗೆ ದಾರಿ ತೋರಿಸುವವನ ಹಾಗೆ, ನನ್ನ ಕೈಯನ್ನು ಅದರ ಕಡೆಗೆ ಒಯ್ದ.

"ಒಂಟಿ ಹೆಂಗಸು ನೀನಿನ್ನು. ಗ್ಯಾಸು, ಬೆಂಕಿ... ಸ್ವಲ್ಪ ಜೋಪಾನ."

ಬೆರಳ ತುದಿ ಚುರುಗುಟ್ಟಿತು. ನಾನು ಕೈ ಎಳೆದುಕೊಳ್ಳಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅಷ್ಟಾಗಿ ತಾಗುತ್ತಿರಲಿಲ್ಲ. ಅದನ್ನು ಕಂಡು ಅವನೇ ಬೆಚ್ಚಿ ಕೈ ಬಿಟ್ಟ.

"ಇವತ್ತು ಸಂಜೆ ಅದೇ ಹೋಟೆಲಿಗೆ ಹೋಗ್ತಿದ್ದೀನಿ," ಎಂದೆ. "ವಿಮಾನದವರು ಟಿಕೆಟಿನ ದಿನ ಬದಲಾಯಿಸಿ ಕೊಟ್ಟಿದ್ದಾರೆ. ನಾಳೆ ಬೆಳಗ್ಗೆ ಹೊರಡೋದು. ಗುರುತಿನ ಚೀಟಿ ತೋರಿಸಿದ್ರೆ ನನಗೆ ಕೊಡ್ತಾರೆ."

"ಹಾಲಿಡೇಗಾ? ಈಗ? ಜನ ಏನಂತಾರೆ?"

"ಅಕ್ಕನಿಗೆ ಹೇಳಿ. ಜನಕ್ಕೆ ಅವರು ಹೇಳ್ತಾರೆ."

ಅವನ ಕಣ್ಣಿನಲ್ಲಿ ಏನೋ ಲೆಕ್ಕ ಓಡಿತು. "ಹಾಗಾದ್ರೆ ಸೂಟ್‌ಕೇಸನ್ನ ನೀನೇ ತಗೊಂಡು ಹೋಗಮ್ಮ. ನನಗೇನು ಅವಸರ?"

"ಬೇಡ. ಅವನು ಎರವಲು ತಂದದ್ದು. ನಾಳೆ ಬೆಳಗ್ಗೆ ಲಾಬಿಗೆ ಬನ್ನಿ, ಕೊಡ್ತೀನಿ."

"ಸರಿ. ಆ ಸೀಲು ಮಾತ್ರ ಕೀಳಬೇಡ. ಹೇಗಿದೆಯೋ ಹಾಗೇ ಕೊಡು."

ಯಾವ ಸೀಲು ಎಂದು ನಾನು ಕೇಳಲಿಲ್ಲ. ಕೇಳದೆ ಬಿಟ್ಟ ಪ್ರಶ್ನೆಗಳೇ ನನ್ನ ಕೆಲಸದಲ್ಲಿ ಬಂಡವಾಳ.

* * *

ನನ್ನ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವವನು. ಮೋಸದ ತಕ್ಕಡಿ ಸಿಕ್ಕರೆ ಅದಕ್ಕೆ ತಂತಿ ಸುತ್ತಿ, ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಒತ್ತುತ್ತಿದ್ದ. ಸೀಸದ ಮೇಲೆ ಅವನ ನಂಬರು ಮೂಡುತ್ತಿತ್ತು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆ ಕೈಚೀಲ ಸದಾ ಜೊತೆಗೆ.

"ರಜೆಗೂ ತಕ್ಕಡಿ ಚೀಲ ಬೇಕಾ?" ಎಂದು ವಿಮಾನ ಹತ್ತುವ ಹಿಂದಿನ ರಾತ್ರಿ ಹೋಟೆಲಿನ ರೂಮಿನಲ್ಲಿ ರೇಗಿಸಿದ್ದೆ.

"ನಿನ್ನ ಶಾಪಿಂಗ್ ತೂಗೋಕೆ ಬೇಕಾಗುತ್ತೆ ಮಾರಾಯ್ತಿ."

ನಮ್ಮ ಸೂಟ್‌ಕೇಸು ಸಣ್ಣದು ಎಂದು ಅವನು ಭಾವನ ಹತ್ತಿರ ದೊಡ್ಡದೊಂದನ್ನು ಕೇಳಿದ್ದ. ಕೊಡುತ್ತೇನೆ ಎಂದವನು ದಿನ ತಳ್ಳಿ ತಳ್ಳಿ ಕೊನೆಗೆ ಹೋಟೆಲಿಗೇ ತಂದುಕೊಟ್ಟ. ಕಾಫಿಗೂ ನಿಲ್ಲದೆ ಹೋದ. ಗಂಡ ಖಾಲಿ ಸೂಟ್‌ಕೇಸನ್ನು ಎತ್ತಿ ಹುಬ್ಬು ಗಂಟಿಕ್ಕಿದ. ಖಾಲಿ ತೂಕ ನೋಡದೆ ಅವನು ಯಾವುದನ್ನೂ ತುಂಬುವುದಿಲ್ಲ. ಡಬ್ಬಿಗೆ ಬೇಳೆ ಹಾಕುವಾಗಲೂ ಹಾಗೇ. ಲಾಬಿಯಲ್ಲಿ ಗಿರಾಕಿಗಳಿಗೆಂದು ಒಂದು ತೂಕದ ಯಂತ್ರ ಇಟ್ಟಿದ್ದರು. ಅಲ್ಲಿಗೆ ಹೊರಟ.

ನಾನು ಸ್ನಾನಕ್ಕೆ ಹೋದೆ. ನಡುವೆ ಒಮ್ಮೆ ಬಂದು ಬಾತ್‌ರೂಮಿನ ಬಾಗಿಲು ತಟ್ಟಿದ. "ಕೆಳಗೆ ಹೋಗಿ ಬರ್ತೀನಿ."

"ಬರ್ತಾ ನೀರಿನ ಬಾಟ್ಲಿ ತಗೊಂಡು ಬಾ," ಎಂದೆ.

ಮೆಟ್ಟಿಲ ಬುಡದಲ್ಲಿ ಅವನು ಬಿದ್ದಿದ್ದ. ಪಕ್ಕದಲ್ಲಿ ನೀರಿನ ಬಾಟ್ಲಿ ಇತ್ತು. ಒಡೆದಿರಲಿಲ್ಲ.

ಒರೆಸಿದ ನೆಲ, ಕಾಲು ಜಾರಿದೆ ಎಂದು ಪೊಲೀಸರು ಬರೆದುಕೊಂಡರು. ಭಾವ ಹೆಣದ ಮುಂದೆ ಬಂದವರಿಗೆಲ್ಲ ಒಂದೇ ಮಾತು ಹೇಳಿ ಅತ್ತ. ಸೂಟ್‌ಕೇಸು ಕೊಟ್ಟು ಮನೆಗೆ ಹೋಗಿ ಮಲಗಿಬಿಟ್ಟೆ, ಆಮೇಲೆ ಅವನ ದನಿ ಕೂಡ ಕೇಳಲಿಲ್ಲ... ಅಂತ.

* * *

ಲಗೇಜ್ ರೂಮಿನವನು ಬಿಲ್ಲೆ ತೆಗೆದುಕೊಂಡು ಒಳಗಿನಿಂದ ಸೂಟ್‌ಕೇಸು ಉರುಳಿಸಿಕೊಂಡು ಬಂದ.

ಎರಡು ಜಿಪ್ಪುಗಳನ್ನೂ ಸೇರಿಸಿ ತಂತಿ. ತಂತಿಯ ತುದಿಯಲ್ಲಿ ಸೀಸದ ಗುಂಡು. ಅದರ ಮೇಲೆ ನನ್ನ ಗಂಡನ ನಂಬರು.

"ಇದನ್ನ ಯಾವಾಗ ಹಾಕಿದ್ರು?"

"ಇಲ್ಲೇ ನಿಂತು ಹಾಕಿದ್ರು ಮೇಡಂ, ನನ್ನ ಕೈಗೆ ಕೊಡೋ ಮುಂಚೆ. ನಮ್ಮ ತೂಕದ ಯಂತ್ರನೂ ಸ್ವಲ್ಪ ತಪ್ಪು ಅಂದ್ರು. ಅದಕ್ಕೂ ಸೀಲು ಹಾಕಿಬಿಡ್ತಾರೇನೋ ಅಂತ ಭಯ ಆಯ್ತು." ಸಾವು ನೆನಪಾಗಿ ಅವನು ನಗು ನುಂಗಿದ. "ಆಮೇಲೆ ಫೋನ್ ಮಾಡಿದ್ರು. ಭಾವ, ಭಾವ ಅಂತಿದ್ರು. ವಾಪಸ್ ಬನ್ನಿ, ಎದುರಾ ಎದುರು ಮಾತಾಡೋಣ ಅಂದ್ರು."

"ಪೊಲೀಸರಿಗೆ ಹೇಳಿದ್ರಾ?"

"ಅವರು ಕೇಳಲಿಲ್ಲವಲ್ಲ."

ದನಿ ಕೂಡ ಕೇಳದವನಿಗೆ ಸೀಲಿನ ಸುದ್ದಿ ಗೊತ್ತಿತ್ತು.

ಸೂಟ್‌ಕೇಸು ಎಳೆದುಕೊಂಡು ಲಿಫ್ಟಿಗೆ ಹೋದೆ. ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಕೈ ಅಡ್ಡ ಬಂತು. ಬೋಳುತಲೆಯವನೊಬ್ಬ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಶುಭ್ರವಾದ ಉಗುರು. ಒಂದು ಗುಂಡಿ ಒತ್ತಿದ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು.

"ನಿಮ್ಮ ಭಾವ ಒಬ್ಬ ಸುಳ್ಳ," ಎಂದ. "ಸೂಟ್‌ಕೇಸು ವಿಧವೆ ಹತ್ತಿರ ಇದೆ, ಅವಳು ಕೊಡ್ತಿಲ್ಲ ಅಂತ ನಿಮ್ಮ ಮೇಲೆ ಹಾಕಿದ. ನಿಮ್ಮನ್ನೇ ಕೇಳಿ ಅಂದ. ಹೇಗೆ ಕೇಳಿದ್ರೂ ಪರವಾಗಿಲ್ಲ ಅಂದ."

"ಕೇಳಿ."

ಅವನು ನನ್ನ ಮುಖ ನೋಡಿದ. ಅಲ್ಲಿ ಅವನಿಗೆ ಬೇಕಾದದ್ದು ಸಿಕ್ಕಲಿಲ್ಲ.

"ನನ್ನ ಗಂಡನನ್ನು ತಳ್ಳಿದವರು ನೀವಾ?"

"ಛೆ. ಸತ್ತವನಿದ್ದ ಕಡೆ ಪೊಲೀಸರು ಬರ್ತಾರೆ. ನಮಗೆ ಅದು ನಷ್ಟ. ಹೆದರಿದವರು ಅಂಥ ಕೆಲಸ ಮಾಡ್ತಾರೆ. ಅವತ್ತು ನಿಮ್ಮ ಭಾವ ಬಹಳ ಹೆದರಿದ್ದ." ಸೂಟ್‌ಕೇಸಿನ ನೆತ್ತಿ ತಟ್ಟಿದ. "ಇದು ಈಗಲೇ ಬೇಕು."

"ಇದರ ಮೇಲಿರೋದು ನನ್ನ ಗಂಡನ ಸೀಲು. ಸತ್ತ ಸರ್ಕಾರಿ ನೌಕರನ ಸೀಲು ಹಿಡ್ಕೊಂಡು ಲಾಬಿ ದಾಟ್ತೀರಾ? ಅವನು ಬಿದ್ದ ಮೇಲೆ ಅಲ್ಲಿ ಕ್ಯಾಮೆರಾ ಹಾಕಿದ್ದಾರೆ. ಬೆಳಗ್ಗೆ ಎಲ್ಲರ ಎದುರು ನಾನು ಭಾವನಿಗೆ ಹಿಂದಿರುಗಿಸ್ತೀನಿ. ಅವರಿಂದ ತಗೊಳ್ಳಿ. ಕೊಟ್ಟವರು, ತಗೊಂಡವರು ಎಲ್ಲ ಮನೆಯವರೇ... ಯಾರಿಗೂ ಅನುಮಾನ ಬರಲ್ಲ."

ಯೋಚಿಸಿದ. ಗುಂಡಿ ಒತ್ತಿದ. ಲಿಫ್ಟು ಹೊರಟಿತು.

"ತೂಕ ಸರಿಯಿರಬೇಕು."

"ಇರುತ್ತೆ."

* * *

ಏರ್‌ಪೋರ್ಟ್ ಹೋಟೆಲಿನ ರೂಮು ಬಹಳ ಉಪಕಾರಿ. ಕಪಾಟಿನಲ್ಲಿ ಇಸ್ತ್ರಿಪೆಟ್ಟಿಗೆ ಇರುತ್ತದೆ. ಮೇಜಿನ ಡ್ರಾಯರಿನಲ್ಲಿ ಸೂಜಿ, ದಾರ. ಟ್ರೇಯಲ್ಲಿ ಕಾಫಿ, ಸಕ್ಕರೆ, ಹಾಲಿನ ಪುಡಿ.

ಪೊಲೀಸರು ಹಿಂದಿರುಗಿಸಿದ ಗಂಡನ ಕೈಚೀಲ ನನ್ನ ಜೊತೆಗಿತ್ತು. ಅದರಲ್ಲಿ ತಂತಿ, ಸೀಸದ ಗುಂಡು, ಇಕ್ಕಳ, ಅಂಗೈಯಗಲದ ಒಂದು ತಕ್ಕಡಿ.

ಸೀಲು ಕತ್ತರಿಸಿದೆ. ಒಳಗಿನ ಅಸ್ತರಿನ ಹೊಲಿಗೆ ಬಿಚ್ಚಿದೆ. ಅದರ ಹಿಂದೆ ಪ್ಲಾಸ್ಟಿಕ್ ಪೊಟ್ಟಣಗಳು, ಚಪ್ಪಟೆಯಾಗಿ, ಒತ್ತೊತ್ತಾಗಿ. ಒಳಗೆ ಬಿಳಿ ಪುಡಿ. ನಾನು ರುಚಿ ನೋಡಲಿಲ್ಲ. ಕ್ಲೇಮು ತನಿಖೆಯಲ್ಲಿ ಇಂಥ ಪುಡಿಯ ಚಟಕ್ಕೆ ಬಿದ್ದು ಸತ್ತ ಮಕ್ಕಳ ಮನೆಗಳಿಗೆ ಹೋಗಿದ್ದೇನೆ.

ಒಂದೊಂದನ್ನೂ ತೂಗಿದೆ. ಒಂದೊಂದನ್ನೂ ಟಾಯ್ಲೆಟ್ಟಿಗೆ ಸುರಿದು ನೀರು ಬಿಟ್ಟೆ.

ಫೋನ್ ರಿಂಗಾಯಿತು. ರಿಸೆಪ್ಷನ್.

"ಮೇಡಂ, ಪಕ್ಕದ ರೂಮಿನವರು ಕೇಳ್ತಿದ್ದಾರೆ... ಫ್ಲಶ್ ಏನಾದ್ರೂ ಕೆಟ್ಟಿದೆಯಾ?"

"ಹೊಟ್ಟೆ ಕೆಟ್ಟಿದೆ."

"ಓ... ಸಾರಿ ಮೇಡಂ."

ಲಾಬಿಯ ಅಂಗಡಿಯಲ್ಲಿ ಹಾಲಿನ ಪುಡಿಯ ಪ್ಯಾಕೆಟ್ಟುಗಳಿದ್ದವು. ಇದ್ದಷ್ಟನ್ನೂ ತಂದೆ. ಹೋಗುವಾಗ ಮೆಟ್ಟಿಲಿಳಿದು ಹೋದೆ. ಅವನು ಬಿದ್ದ ಕಡೆ ಜಾರದಂತೆ ಹೊಸ ಪಟ್ಟಿ ಅಂಟಿಸಿದ್ದರು. ಅದರ ಮೇಲೆ ಕಾಲಿಟ್ಟೆ. ಏನೂ ಅನ್ನಿಸಲಿಲ್ಲ. ಅನ್ನಿಸುವುದಕ್ಕೆ ಆಮೇಲೆ ಸಮಯವಿದೆ ಎಂದುಕೊಂಡೆ.

ಪೊಟ್ಟಣ ತುಂಬುತ್ತಿದ್ದೆ. ಮಂಚದ ಮೇಲೆ ಸೂಟ್‌ಕೇಸು ಹೊಟ್ಟೆ ಸೀಳಿಕೊಂಡು ಬಿದ್ದಿತ್ತು. ಬಾಗಿಲು ತಟ್ಟಿದ ಸದ್ದು.

"ನಾನು ಕಣಮ್ಮ. ತೆಗಿ."

ಬೆಳಗಿನವರೆಗೆ ಕಾಯಲು ಭಾವನಿಗೆ ಆಗಿರಲಿಲ್ಲ. ಹಿಡಿಕೆ ತಿರುಗಿತು. ಒಳಗಿನ ಸರಪಳಿ ಬಿಗಿಯಾಗಿತ್ತು. ನಾನು ಬಾತ್‌ರೂಮಿನ ಷವರ್ ಬಿಟ್ಟೆ.

"ಸ್ನಾನ ಮಾಡ್ತಿದ್ದೀನಿ ಭಾವ."

ಆಚೆ ಕಡೆ ಸಣ್ಣ ನಗು. "ಹೌದು ಬಿಡು. ನೀನು ಸ್ನಾನಕ್ಕೆ ಹೋದ್ರೆ ಲೋಕ ಮುಳುಗಿದ್ರೂ ಈಚೆ ಬರಲ್ಲ ಅಂತ ಅವತ್ತು ಅವನೂ ಹೇಳಿದ. ಅದಕ್ಕೇ ನಿಧಾನವಾಗಿ ಮಾತಾಡಿದ್ವಿ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆದಿರಬೇಕು. ಆಮೇಲೆ, ತಗ್ಗಿದ ದನಿಯಲ್ಲಿ:

"ಕೇಳಿಸ್ತಾ?"

"ಏನು? ನೀರಿನ ಸದ್ದು ಭಾವ, ಏನೂ ಕೇಳಿಸ್ತಿಲ್ಲ."

ಹೆಜ್ಜೆಗಳು ದೂರ ಹೋದವು. ಚೆಲ್ಲಿದ ಪುಡಿಯನ್ನು ಒಟ್ಟುಮಾಡಿ ಮತ್ತೆ ತೂಗಿದೆ. ಇಸ್ತ್ರಿಪೆಟ್ಟಿಗೆಯಿಂದ ಪೊಟ್ಟಣಗಳ ಬಾಯಿ ಅಂಟಿಸಿದೆ. ಕೊನೆಯದಕ್ಕೆ ಸ್ವಲ್ಪ ಕಡಿಮೆ ಬಿತ್ತು. ಟ್ರೇಯಲ್ಲಿದ್ದ ಚಿಕ್ಕ ಪೊಟ್ಟಣಗಳನ್ನು ಹರಿದು ಸರಿದೂಗಿಸಿದೆ. ಅಸ್ತರು ಹೊಲಿದೆ. ಹೊಸ ತಂತಿ, ಹೊಸ ಸೀಸ. ಇಕ್ಕಳ ಒತ್ತಿದಾಗ ಗಂಡನ ನಂಬರು ಸ್ಪಷ್ಟವಾಗಿ ಮೂಡಿತು.

ಅವನ ಕೊನೆಯ ಸೀಲು. ಅದು ಮಾತ್ರ ಮೋಸದ್ದು.

* * *

ಬೆಳಗ್ಗೆ ಲಾಬಿಯ ಸೋಫಾದಲ್ಲಿ ಕಾಫಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ನನ್ನ ಸಣ್ಣ ಚೀಲ. ಎದುರಿಗೆ ಭಾವನ ಸೂಟ್‌ಕೇಸು. ಭಾವ ಬಂದ. ಹೊಸದಾಗಿ ಗಡ್ಡ ಹೆರೆದಿದ್ದ. ಬೋಳುತಲೆಯವನು ಅವನ ಹಿಂದೆಯೇ, ಜೊತೆಗೆ ಮಾತಾಡದ ಇಬ್ಬರು.

"ತಗೊಳ್ಳಿ ಭಾವ. ಅವನು ನಿಮ್ಮಿಂದ ತಂದದ್ದು."

ಬೋಳುತಲೆಯವನು ತಾನೇ ಅದನ್ನು ತೂಕದ ಯಂತ್ರದ ಮೇಲಿಟ್ಟ. ಮುಳ್ಳು ನಿಲ್ಲುವವರೆಗೆ ನೋಡಿದ. ತಲೆಯಾಡಿಸಿದ.

"ಸೀಲೂ ನೋಡಿಬಿಡಿ," ಎಂದೆ. "ಆಮೇಲೆ ನಾನು ಮುಟ್ಟಿದೆ ಅನ್ನಬಾರದು."

ಭಾವ ಬಗ್ಗಿ ಸೀಸವನ್ನು ಉಗುರಿನಿಂದ ಉಜ್ಜಿದ. ನಂಬರು ಓದಿದ. ಅವನ ಇಡೀ ಮೈ ಹಗುರಾಯಿತು. "ಅವನದೇ. ಅವತ್ತು ಆ ಶನಿ ನನ್ನ ಮೊಬೈಲಿಗೆ ಇದರ ಫೋಟೋ ಕಳಿಸಿದ್ದ. ಇದೇ ನಂಬರು. ಯಾರೂ ಮುಟ್ಟಿಲ್ಲ."

"ಅಂದ್ರೆ," ಎಂದ ಬೋಳುತಲೆಯವನು, "ನಿನ್ನ ಕೈಬಿಟ್ಟಾಗ ಹೇಗಿತ್ತೋ ಹಾಗೇ ಇದೆ?"

"ಹಾಗೇ ಇದೆ. ನನ್ನ ತಲೆ ಮೇಲೆ ಆಣೆ."

"ಸರಿ. ಮೇಲೆ ನಮ್ಮ ರೂಮಿಗೆ ನಡಿ. ಬಿಚ್ಚಿ ನೋಡೋಣ."

ಲಿಫ್ಟು ತುಂಬಿತ್ತು. ಬೋಳುತಲೆಯವನು ಮೆಟ್ಟಿಲ ಕಡೆ ಕೈ ತೋರಿಸಿದ. ಆ ಮಾತಾಡದ ಇಬ್ಬರು ಸೂಟ್‌ಕೇಸು ಎತ್ತಿಕೊಂಡು ಮುಂದೆ ಹೋದರು. ಭಾವ ಹೊರಡುವಾಗ ನನ್ನ ಲೋಟದೊಳಗೆ ಇಣುಕಿದ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಅಕ್ಕರೆ ಇತ್ತು.

"ಏನಮ್ಮ, ಬರೀ ಕಪ್ಪು ಕಾಫಿ? ಹಾಲು ಬೇಡ್ವಾ?"

"ರೂಮಲ್ಲಿದ್ದ ಹಾಲಿನ ಪುಡಿಯೆಲ್ಲ ಮುಗೀತು ಭಾವ."