ನೂರು ವೋಲ್ಟಿನ ಯಂತ್ರ

2003ರ ಅಕ್ಟೋಬರ್ 14, ಮಂಗಳವಾರ, ಬೆಳಗ್ಗೆ 9.10. ಅಮೆರಿಕದ ವೆಸ್ಟ್‌ಮಂಟ್‌ನ ಪೊಲೀಸ್ ಠಾಣೆಗೆ ಬಂದ ಕರೆಯಲ್ಲಿ ದೂರುದಾರ ಮೊದಲು ಹೇಳಿದ್ದು ತನ್ನ ಹೆಸರನ್ನಲ್ಲ, ಕಳುವಾದ ಕಂಪ್ಯೂಟರಿನ ಪ್ರೊಸೆಸರ್ ವೇಗವನ್ನು.

ದೂರುದಾರ ಪದ್ಮನಾಭ, ವಯಸ್ಸು ನಲವತ್ತೊಂಬತ್ತು, ಮೈಸೂರಿನ ಎಂಜಿನಿಯರ್. ಕನ್ನಡ ಬರುತ್ತದೆಂಬ ಕಾರಣಕ್ಕೆ ಪ್ರಕರಣ ಡಿಟೆಕ್ಟಿವ್ ಇಮಾದ್‌ನ ಪಾಲಿಗೆ ಬಂತು. ಇಮಾದ್ ಹುಬ್ಬಳ್ಳಿಯವನು. ಹನ್ನೆರಡನೆಯ ವಯಸ್ಸಿಗೆ ಅಮೆರಿಕಕ್ಕೆ ಬಂದಿದ್ದ.

10.25ಕ್ಕೆ ಸ್ಥಳ ಪರಿಶೀಲನೆ. ಊರಲ್ಲಾದರೆ ಪಂಚರನ್ನು ಕೂರಿಸಿ ಪಂಚನಾಮೆ ಬರೆಯುತ್ತಿದ್ದರು. ಇಲ್ಲಿ ಇಮಾದ್‌ ಕೈಯಲ್ಲಿದ್ದದ್ದು ಒಂದು ಕ್ಯಾಮೆರಾ, ಒಂದು ನೋಟ್‌ಬುಕ್. ಬೇಸ್‌ಮೆಂಟಿನ ಬೀಗ ಒಡೆದಿರಲಿಲ್ಲ. ಗ್ಯಾರೇಜಿನ ಬಾಗಿಲು ಕೋಡ್ ಒತ್ತಿದರೆ ತೆರೆಯುವಂಥದ್ದು. ಟಿವಿ, ಹೊಸ ಲ್ಯಾಪ್‌ಟಾಪ್ ಇದ್ದಲ್ಲೇ ಇದ್ದವು. ಹೋದದ್ದು ಒಂದು ಹಳೆಯ ಜಪಾನಿ ಕಂಪ್ಯೂಟರ್, ಅದರ ಮಾನಿಟರ್, ಒಂದು ಟ್ರಾನ್ಸ್‌ಫಾರ್ಮರ್.

“ಯಾವಾಗ ಗೊತ್ತಾತ್ರಿ?”

“ಶಾರ್ಪ್ ಎಕ್ಸ್68000. 1987ರ ಮೊದಲ ಮಾಡೆಲ್. ಎರಡು ಗೋಪುರ ಪಕ್ಕಪಕ್ಕ ನಿಲ್ಲಿಸಿದ ಹಾಗಿರುತ್ತೆ. ಅರವತ್ತೈದು ಸಾವಿರ ಬಣ್ಣ ತೋರಿಸ್ತಿತ್ತು, ಆ ಕಾಲಕ್ಕೇ! ಜಪಾನ್ ಬಿಟ್ಟು ಹೊರಗೆ ಮಾರ್ಲೇ ಇಲ್ಲ.”

“ಸರ್, ಯಾವಾಗ ಗೊತ್ತಾತು?”

“ನಿನ್ನೆ ಸಂಜೆ.”

“ಅದರಾಗ ಏನಿತ್ತು?”

“ಒಂದು ಮೆಗಾಬೈಟ್ ಮೆಮೊರಿ.”

ಇಮಾದ್ ಪೆನ್ ಕೆಳಗಿಟ್ಟ. ಕೋಡ್ ಯಾರಿಗೆ ಗೊತ್ತು ಎಂದು ಕೇಳಿದರೆ ಮನೆಯವರಿಗಷ್ಟೇ ಎಂಬ ಉತ್ತರ. ಎದುರುಮನೆಯ ಮುದುಕಿಯೊಬ್ಬಳು ಮಾತ್ರ, ಸೋಮವಾರ ಮಧ್ಯಾಹ್ನ ನೀಲಿ ನಂಬರ್ ಪ್ಲೇಟಿನ ವ್ಯಾನ್ ನಿಂತಿತ್ತೆಂದಳು. ನಂಬರ್ ನೋಡಿರಲಿಲ್ಲ.

ಎರಡು ವಾರ ವ್ಯರ್ಥವಾದವು. ಇಮಾದ್ ಗ್ಲೆಂಡೇಲ್ ಹೈಟ್ಸ್‌ವರೆಗೂ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದ. ಇಂಟರ್ನೆಟ್ ಹರಾಜುಗಳನ್ನು ದಿನವೂ ನೋಡಿದ. ಅಂಗಡಿಯವರು ಫೋಟೊ ನೋಡಿ ನಕ್ಕರು. ಸಾರ್ಜೆಂಟ್ ಎರಡು ಸಲ ಫೈಲ್ ಮುಚ್ಚಲು ಹೇಳಿದ. ಪದ್ಮನಾಭ ಮಾತ್ರ ದಿನಕ್ಕೊಮ್ಮೆ ಫೋನ್ ಮಾಡಿ ಅದರ ಸೌಂಡ್ ಚಿಪ್‌ನ ಗುಣಗಾನ ಮಾಡುತ್ತಿದ್ದ.

ಅಕ್ಟೋಬರ್ 28ರ ಬೆಳಗ್ಗೆ ಇಮಾದ್ ಕಳುವಾದ ವಸ್ತುಗಳ ಪಟ್ಟಿಯನ್ನು ಮತ್ತೆ ಓದಿದ. ಟ್ರಾನ್ಸ್‌ಫಾರ್ಮರ್ ಏಕೆ? ಜಪಾನಿನ ಕರೆಂಟು ನೂರು ವೋಲ್ಟು, ಇಲ್ಲಿಯದು ನೂರಿಪ್ಪತ್ತು. ಅದು ಗೊತ್ತಿದ್ದವನು ಮಾತ್ರ ಆ ಪೆಟ್ಟಿಗೆಯನ್ನು ಹೊರುತ್ತಾನೆ. ಇಮಾದ್ ನೇರ ಪದ್ಮನಾಭನ ಮನೆಗೆ ಹೋದ. ಪದ್ಮನಾಭ ಆಫೀಸಿನಲ್ಲಿದ್ದ, ಬಾಗಿಲು ತೆರೆದದ್ದು ಹೆಂಡತಿ ಪ್ರಭಾವತಿ.

“ಆಂಟಿ, ಆ ಮಷಿನ್ನಿನ ವಿಷಯ ಇನ್ಯಾರಿಗೆ ಗೊತ್ತದರಿ?”

“ರಾಮು ಅವರಿಗೆ. ವೆಂಕಟರಾಮು. ಓಸಾಕದಲ್ಲಿ ಇಬ್ರೂ ಒಂದೇ ರೂಮಲ್ಲಿದ್ರು, ಸೇರ್ಕೊಂಡೇ ತಗೊಂಡಿದ್ದು. ಈಗ ಮಿಷಿಗನ್‌ನ ಪ್ಲಿಮತ್‌ನಲ್ಲಿದಾರೆ. ಹೋದ ವರ್ಷ ಒಂದು ವಾರ ಇಲ್ಲೇ ಇದ್ರು.”

“ಗ್ಯಾರೇಜ್ ಕೋಡ್?”

“ನಾನೇ ಕೊಟ್ಟಿದ್ದೆ.”

ಇಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಬಗೆಯ ನಂಬರ್ ಪ್ಲೇಟ್, ಮಿಷಿಗನ್‌ನದು ನೀಲಿ. ಇಮಾದ್‌ಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಇದನ್ನು ಮೊದಲ ದಿನವೇ ಹೇಳಬಹುದಿತ್ತು.

“ಸರ್ ಯಾಕ ಹೇಳಲಿಲ್ಲ?”

ಪ್ರಭಾವತಿ ಒಳಗಿನಿಂದ ಒಂದು ಕರಪತ್ರ ತಂದು ಕೊಟ್ಟಳು. ನವೆಂಬರ್ ಒಂದರ ರಾಜ್ಯೋತ್ಸವ ಪ್ರದರ್ಶನ: ‘1989ರಲ್ಲೇ ಕಂಪ್ಯೂಟರಿನಲ್ಲಿ ಕನ್ನಡ — ಪದ್ಮನಾಭರ ಅಕ್ಷರಗಳು.’

“ಆ ಅಕ್ಷರ ಮಾಡಿದ್ದು ಇವರಲ್ಲ,” ಎಂದಳು. “ರಾಮು. ಅದರ ಡಿಸ್ಕು ಮಷಿನ್ ಒಳಗೇ ಸಿಕ್ಕೊಂಡಿತ್ತು.”

ವಾರಂಟಿಗೆ ಎರಡು ದಿನ ಹಿಡಿಯಿತು. ಅಕ್ಟೋಬರ್ 30, ಮಧ್ಯಾಹ್ನ 2.40. ಇನ್ನೂರ ಅರವತ್ತು ಮೈಲಿ ಡ್ರೈವ್ ಮಾಡಿಬಂದ ಇಮಾದ್, ಸ್ಥಳೀಯ ಅಧಿಕಾರಿಯೊಂದಿಗೆ ಪ್ಲಿಮತ್‌ನ ಮನೆಯ ಬೆಲ್ ಒತ್ತಿದ. ವೆಂಕಟರಾಮು ವಿರೋಧಿಸಲಿಲ್ಲ. ತಾನೇ ಬೇಸ್‌ಮೆಂಟಿಗೆ ಕರೆದೊಯ್ದ.

ಯಂತ್ರ ನಡೆಯುತ್ತಿತ್ತು. ಬಿಚ್ಚಿಹಾಕಿದ ಹಳೆಯ ಕೆಪಾಸಿಟರ್‌ಗಳು ತಟ್ಟೆಯಲ್ಲಿದ್ದವು. ಮಾನಿಟರಿನ ಮೇಲೆ ಚುಕ್ಕಿಚುಕ್ಕಿಯಾಗಿ ಒಂದು ‘ಳ’. ಮೇಜಿನ ಮೇಲೆ ಗ್ರಾಫ್ ಹಾಳೆಗಳ ರಾಶಿ.

ಇಮಾದ್ ಆರೋಪಿಯ ಹಕ್ಕುಗಳನ್ನು ಓದಿ ಹೇಳಿದ. ನಂತರ ಕೇಳಿದ: “ಡಿಸ್ಕಷ್ಟೇ ತಗೋಬಹುದಿತ್ತಲ್ರಿ?”

“ಈ ಮಷಿನ್ನಲ್ಲಿ ಡಿಸ್ಕ್ ಹೊರಗೆ ಬರೋಕೂ ಕರೆಂಟ್ ಬೇಕು. ಪವರ್ ಸಪ್ಲೈ ಸತ್ತಿತ್ತು. ರಿಪೇರಿ ಮಾಡ್ಕೊಡ್ತೀನಿ ಅಂತ ಮೂರು ಸಲ ಫೋನ್ ಮಾಡಿದೆ. ಮುಂದಿನ ವಾರ, ಮುಂದಿನ ವಾರ ಅಂದ. ಆಮೇಲೆ ಕರಪತ್ರ ನೋಡಿದೆ.”

“ಹಾಳ್ಯಾಗ ಯಾಕ ಬರೀತೀರಿ?”

“ಎರಡನೇ ಡ್ರೈವ್ ಕೆಟ್ಟಿದೆ, ಕಾಪಿ ಆಗ್ತಿಲ್ಲ. ಡಿಸ್ಕಿಗೂ ಬೂಷ್ಟು ಬಂದಿದೆ. ಇನ್ನು ಹನ್ನೊಂದು ಅಕ್ಷರ ಇದೆ. ಬರ್ಕೊಂಡುಬಿಡ್ಲಾ?”

ಇಮಾದ್ ಸ್ಥಳೀಯ ಅಧಿಕಾರಿಯ ಕಡೆ ನೋಡಿದ. ಕನ್ನಡ ಬಾರದ ಅವನು ಬೇಗ ಮುಗಿಸು ಎಂಬಂತೆ ಕೈಗಡಿಯಾರ ತಟ್ಟಿದ. ಯಂತ್ರ ಈಗ ಸಾಕ್ಷ್ಯ, ಆರೋಪಿ ಮುಟ್ಟುವಂತಿಲ್ಲ. ಇಮಾದ್ ಪರದೆಯ ಒಂದು ಫೋಟೊ ತೆಗೆದು ಯಂತ್ರವನ್ನು ಆರಿಸಿದ. ಹನ್ನೊಂದರಲ್ಲಿ ಆ ‘ಳ’ ಒಂದಷ್ಟೇ ಫೋಟೊದಲ್ಲಿ ಉಳಿಯಿತು.

ಕಾರಿನಲ್ಲಿ ವೆಂಕಟರಾಮು ತಾನಾಗಿಯೇ ಮಾತಾಡಿದ. “ಓಸಾಕದಲ್ಲಿ ಕನ್ನಡ ಅಂತ ಕಣ್ಣಿಗೆ ಬೀಳ್ತಿದ್ದದ್ದು ಅಮ್ಮನ ಕಾಗದ ಒಂದೇ. ಅದನ್ನ ಪಕ್ಕದಲ್ಲಿಟ್ಕೊಂಡು ಅವರು ಬರೆದ ಹಾಗೇ ಒಂದೊಂದು ಚುಕ್ಕಿ ಇಟ್ಟೆ. ಎರಡು ವರ್ಷ ಹಿಡೀತು. ಈಗ ಆ ಕಾಗದಗಳೂ ಇಲ್ಲ, ಅಮ್ಮನೂ ಇಲ್ಲ.”

ಸಂಜೆ ಪದ್ಮನಾಭನ ಫೋನ್ ಬಂತು. ಶನಿವಾರದ ಪ್ರದರ್ಶನಕ್ಕೆ ಯಂತ್ರ ಸಿಗುತ್ತದೆಯೇ ಎಂದು ಕೇಳಿದ. ಕೋರ್ಟ್ ಹೇಳುವವರೆಗೂ ಇಲ್ಲ ಎಂದು ಇಮಾದ್ ಫೋನ್ ಇಟ್ಟ.

ವರದಿಯಲ್ಲಿ ‘ಉದ್ದೇಶ’ ಎಂಬ ಕಡೆ ಎರಡು ಸಲ ಬರೆದು ಹೊಡೆದುಹಾಕಿದ. ಮೂರನೆಯ ಸಲ ಬರೆದದ್ದು ಹಾಗೇ ಉಳಿಯಿತು: ‘ಆರೋಪಿಯು ತನ್ನ ತಾಯಿಯ ಕೈಬರಹವನ್ನು ನಕಲು ಮಾಡಿಕೊಳ್ಳುವ ಸಲುವಾಗಿ ಯಂತ್ರವನ್ನು ಒಯ್ದಿರುತ್ತಾನೆ.’