ಎಸಿ ಹಾಕಿದ ಮೇಲಿನ ಮೈಲೇಜು

ಅವಳು ಕಾರಿನ ಬಾಗಿಲು ಎಳೆದ ರಭಸಕ್ಕೆ ಒಳಗಿದ್ದವನ ಕಾಲು ಪೆಡಲಿನಿಂದ ಜಾರಿತು.

"ಆಗಿಂದ ಕರೀತಾ ಇದ್ದೀನಿ. ಕಿವಿ ಕೇಳಲ್ವೇನ್ರೀ ನಿಮಗೆ?"

ಕೇಳುವುದಾದರೂ ಹೇಗೆ? ಮೈಲೇಜು ಅಳೆಯುವ ಪರೀಕ್ಷಾಲಯದಲ್ಲಿ, ಕಾರಿನ ಮುಂದೆ ಆಳೆತ್ತರದ ಫ್ಯಾನು ಭೋರ್ಗರೆಯುತ್ತಿತ್ತು. ಚಕ್ರಗಳು ನೆಲದ ರೋಲರುಗಳ ಮೇಲೆ ಗಿರಗಿರ ತಿರುಗುತ್ತಿದ್ದವು, ಕಾರು ಮಾತ್ರ ನಿಂತಲ್ಲೇ ನಿಂತಿತ್ತು. ಎದುರಿನ ಪರದೆಯಲ್ಲಿ ಒಂದು ಗೆರೆ. ಅದು ಏರಿದಂತೆ ವೇಗ ಏರಿಸಬೇಕು, ಇಳಿದಂತೆ ಇಳಿಸಬೇಕು. ಗೆರೆ ತಪ್ಪಿದರೆ ಪರೀಕ್ಷೆ ಕೆಟ್ಟ ಹಾಗೆ.

ಕೆಟ್ಟಿತು.

ಪರೀಕ್ಷಕ ಎಂಜಿನ್ ಆರಿಸಿ ಇಳಿದ. ಈ ಕಾರನ್ನು ರಾತ್ರಿಯಿಡೀ ತಣ್ಣಗೆ ನಿಲ್ಲಿಸಿಟ್ಟಿದ್ದರು, ಈಗ ಎಲ್ಲ ಮೊದಲಿಂದ ಶುರು ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ. ತನಗೂ ಅದೇ ಬೇಕಾಗಿತ್ತು ಎಂದಳು ಅವಳು. ಅವಳ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಇವತ್ತು ನೆತ್ತಿಗೇರಿತ್ತು.

"ಹೋದ ವರ್ಷ ನಾವು ಮಾರೋ ಇದೇ ಮಾಡೆಲಿಗೆ ಲೀಟರಿಗೆ ಹದಿನಾರು ಅಂತ ಬರೆದ್ರಿ. ಈ ವರ್ಷ ಹದಿಮೂರು. ಕಾರು ಅದೇ, ಎಂಜಿನ್ನೂ ಅದೇ. ನಡುವೆ ಮೂರು ಕಿಲೋಮೀಟರು ಯಾರ ಹೊಟ್ಟೆಗೆ ಹೋಯ್ತು?"

ಕಾರು ಬದಲಾಗಿಲ್ಲ, ಅಳೆಯುವ ರೀತಿ ಬದಲಾಗಿದೆ ಎಂದ ಅವನು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು... ನಿಲ್ಲಿಸಲಿಲ್ಲ.

"ನಿಮಗ್ಯಾಕ್ರೀ ಇಷ್ಟು ಉರಿ? ಮೈಲೇಜು ಬರ್ತಿಲ್ಲ ಅಂತ ಗಿರಾಕಿ ಬಂದ್ರೆ, ನಿಮಗೇ ಓಡಿಸೋಕೆ ಬರಲ್ಲ ಅಂತ ಹೇಳಿ ಕಳಿಸ್ತೀರಲ್ಲ. ಶೋರೂಮಿನವರ ಮಂತ್ರ ಅದೊಂದೇ ತಾನೆ?"

ಅವಳ ಮುಖದ ಬಣ್ಣವೇ ಇಳಿದುಹೋಯಿತು. ತಿರುಗಿ ಹೊರಟುಬಿಟ್ಟಳು. ಗೆದ್ದೆ ಎಂದುಕೊಂಡ ಅವನಿಗೆ ಯಾಕೋ ಗೆದ್ದಂತೆ ಅನಿಸಲಿಲ್ಲ.

ಆ ಮಾತನ್ನು ಅವಳು ನಿಜಕ್ಕೂ ಆಡಿದ್ದಳು. ಯಾವುದೋ ಗಿರಾಕಿಗಲ್ಲ, ತನ್ನ ದೊಡ್ಡಪ್ಪನಿಗೆ!

ಅಪ್ಪ ತೀರಿಹೋದ ಮೇಲೆ ಸಾಕಿದ್ದು ಆ ದೊಡ್ಡಪ್ಪ. ಜೀವಮಾನವೆಲ್ಲ ಲಾರಿ ಓಡಿಸಿ, ನಾಲ್ಕಾರು ಲಾರಿಗಳ ಒಡೆಯನಾಗಿ, ಕೊನೆಗೆ ತಾನೂ ಒಂದು ಸಲ ಮೆತ್ತನೆ ಸೀಟಿನಲ್ಲಿ ಕೂರಬೇಕೆಂದು ಆಸೆಪಟ್ಟ ಮನುಷ್ಯ. "ನಮ್ಮ ಸಿಡುಕಿ ಹೇಳಿದ್ಮೇಲೆ ಮುಗೀತು" ಎಂದು ಅವಳ ಮಾತಿನ ಮೇಲೇ ಆ ಕಾರು ಕೊಂಡಿದ್ದರು. ಹದಿನಾರು ಎಲ್ಲಿ, ಹದಿಮೂರು ದಾಟುವುದಿಲ್ಲವಲ್ಲೇ ಎಂದು ಒಂದು ದಿನ ನೆಂಟರೆದುರಿಗೆ ಕೇಳಿದಾಗ, ದಿನವೂ ಶೋರೂಮಿನಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಉತ್ತರ ಜಾರಿಬಿಟ್ಟಿತ್ತು. ಕಾರು ಸರಿಯಾಗೇ ಇದೆ ದೊಡ್ಡಪ್ಪ, ನಿಮಗೆ ಓಡಿಸೋಕೆ ಬರಲ್ಲ.

ಅವಳಿಗೆ ಸ್ಟೀರಿಂಗು ಹಿಡಿಯಲು ಕಲಿಸಿದ ಕೈಗೆ ಆ ಮಾತು!

ಅಂದಿನಿಂದ ದೊಡ್ಡಪ್ಪ ಕಾರಿಗೆ ಹೊದಿಕೆ ಹಾಕಿ, ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಅವಳು ಎದುರಿಗೆ ಬಂದರೆ ಎದ್ದು ಒಳಗೆ ಹೋಗುತ್ತಾರೆ. ಅವಳು ಮಾತ್ರ ತಾನೇ ಸರಿ ಎಂದು ಪಟ್ಟು ಹಿಡಿದಿದ್ದಳು. ಈಗ ಮೈಲೇಜಿನ ಹೊಸ ಚೀಟಿ ಅಂಟಿಸಿದ ಅದೇ ಮಾಡೆಲಿನ ಕಾರು ಶೋರೂಮಿಗೆ ಬಂದಿತ್ತು. ಹದಿಮೂರು. ದೊಡ್ಡಪ್ಪ ಹೇಳಿದ್ದೂ ಅಷ್ಟೇ.

'ನನ್ನ ಮೇಲಿನ ಕೋಪಕ್ಕೆ ಇನ್ನೊಬ್ಬನ ಕಾರಿನ ಬಾಗಿಲು ಎಳೆದುಬಂದೆನಾ?' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ... ಆದರೂ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ. ಅಷ್ಟು ಸರಿಯಾಗಿ ಗಾಯಕ್ಕೇ ಉಪ್ಪು ಸವರಬೇಕಿತ್ತಾ ಅವನು?

ಮರುದಿನ ಬೆಳಗ್ಗೆ ಮತ್ತೆ ಹೋದಳು.

"ಕ್ಷಮೆ ಕೇಳೋಕೆ ಬಂದಿಲ್ಲ. ಏನು ಬದಲಾಯ್ತು ಅಂತ ನನಗೆ ಅರ್ಥ ಆಗಬೇಕು."

"ನಿನ್ನೆ ನಾನು ಆಡಿದ್ದು ಜಾಸ್ತಿ ಆಯ್ತು" ಎಂದ ಅವನು.

"ಹೌದು, ಜಾಸ್ತಿ ಆಯ್ತು."

ಅವನು ಅವಳನ್ನು ಗಾಜಿನ ಆಚೆ ನಿಲ್ಲಿಸಿ ಪರೀಕ್ಷೆ ಮುಗಿಸಿದ. ಆಮೇಲೆ ಬಿಡಿಸಿ ಹೇಳಿದ. ಹಳೇ ಪರೀಕ್ಷೆಯಲ್ಲಿ ವೇಗ ಕಮ್ಮಿ, ಎಸಿ ಬಂದ್. ಜನ ಹಾಗೆ ಓಡಿಸುವುದಿಲ್ಲ ಎಂದು ಗೊತ್ತಾದ ಮೇಲೆ ಹೊಸದರಲ್ಲಿ ವೇಗ ಹೆಚ್ಚಿಸಿದರು, ಎಸಿ ಹಾಕಿದರು, ಚಳಿಗೆ ಮರಗಟ್ಟಿದ ಎಂಜಿನ್ನನ್ನೂ ಲೆಕ್ಕಕ್ಕೆ ಹಿಡಿದರು. ದೊಡ್ಡ ಕಾರುಗಳಿಗೇ ಪೆಟ್ಟು ಜೋರು. ಭಾರ ಜಾಸ್ತಿ, ತಣ್ಣಗಾಗಬೇಕಾದ ಜಾಗ ಜಾಸ್ತಿ, ಕಾಲಿಟ್ಟರೆ ನುಗ್ಗುವ ಎಂಜಿನ್ ಬೇರೆ.

"ಹಳೇ ಪರೀಕ್ಷೆಯಲ್ಲಿ ಕಾರು ಹೊಸ ಅಳಿಯನ ಹಾಗೆ ಇರ್ತಿತ್ತು, ಎಲ್ಲದಕ್ಕೂ ತಲೆಬಾಗಿಸಿಕೊಂಡು. ಈಗ ಮದುವೆಯಾಗಿ ಹತ್ತು ವರ್ಷ ಆದ ಅಳಿಯನನ್ನ ಅಳೀತೀವಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಿಸಿಲಲ್ಲಿ ಎಸಿ ಹಾಕಿಕೊಂಡು ದೊಡ್ಡಮ್ಮನಿಗಾಗಿ ಅಂಗಡಿಯ ಮುಂದೆ ಕಾಯುವ ದೊಡ್ಡಪ್ಪ ಕಣ್ಣಿಗೆ ಕಟ್ಟಿದರು. ಎಲ್ಲವನ್ನೂ ಅವನೆದುರು ಹೇಳಿಕೊಂಡುಬಿಟ್ಟಳು. ನೀವೇ ಬಂದು ಅವರಿಗೆ ಹೇಳಿ ಎಂದಳು.

"ನಾನು ಹೇಳಲ್ಲ" ಎಂದ ಅವನು. "ಅವರಿಗೆ ನೋವಾಗಿರೋದು ನನ್ನ ಅಂಕಿಯಿಂದ ಅಲ್ಲ."

ಅವಳಿಗೆ ಮತ್ತೆ ಮೈಯೆಲ್ಲ ಉರಿಯಿತು. ಆದರೆ ಅವನು ದೊಡ್ಡಪ್ಪನ ಮನೆಗೆ ಬಂದ. ಅವಳ ಹಿಂದೆ, ಬಾಗಿಲ ಹತ್ತಿರ ನಿಂತ.

ದೊಡ್ಡಪ್ಪ ಎಂದಿನಂತೆ ಕುರ್ಚಿಯಿಂದ ಎದ್ದರು. ಅವಳು ಅಡ್ಡ ನಿಂತಳು.

"ಕಾರಿನ ವಿಷಯ ಆಮೇಲೆ, ದೊಡ್ಡಪ್ಪ. ನಿಮಗೆ ಓಡಿಸೋಕೆ ಬರಲ್ಲ ಅಂದೆನಲ್ಲ... ಹದಿನಾರನ್ನ ಹೇಗೆ ಅಳೆದ್ರು ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ನಿಮ್ಮ ಮೇಲೆ ಹಾಕಿದೆ. ತಪ್ಪು ನಂದು."

ದೊಡ್ಡಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಾಗೆಲ್ಲ ಅದೇ ಮಾತು ಕಣೇ. ಇಷ್ಟು ವರ್ಷ ಓಡಿಸಿದ್ದೆಲ್ಲ ಸುಳ್ಳೇನೋ ಅನ್ನಿಸ್ಬಿಡ್ತು."

ಅವಳು ಅವರ ಎದೆಗೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತಳು. ಕೊನೆಗೆ ದೊಡ್ಡಪ್ಪ ಕಣ್ಣೊರೆಸಿಕೊಂಡು, ಬಾಗಿಲ ಹತ್ತಿರ ನಿಂತ ಈ ಕಂಬ ಯಾರು ಎಂದು ಕೇಳಿದರು. ಹದಿಮೂರು ಕಂಡುಹಿಡಿದವರು ಎಂದಳು ಅವಳು. ದೊಡ್ಡಪ್ಪ ಕಾರಿನ ಹೊದಿಕೆ ಎಳೆದು ಹಾಕಿ, ಅವನನ್ನು ಮುಂದಿನ ಸೀಟಿಗೆ ಹತ್ತಿಸಿ, ಎಸಿ ಪೂರ್ತಿ ತಿರುಗಿಸಿ ಊರೆಲ್ಲ ಸುತ್ತಿಸಿದರು. ಮನೆಗೆ ಬಂದಾಗ ಕಾರು ತೋರಿಸಿದ್ದು ಹನ್ನೆರಡೂವರೆ. ಇಬ್ಬರು ಗಂಡಸರೂ ಅದನ್ನು ನೋಡಿ ಮನಸಾರೆ ನಕ್ಕರು.

ಆಮೇಲೆ ಅವನು ಆಗಾಗ ಬರತೊಡಗಿದ. ಬಂದಾಗಲೆಲ್ಲ ಅವಳೊಂದಿಗೆ ಜಗಳ. ಜಗಳ ಆಡದೆ ಹೋದ ದಿನ ಇಬ್ಬರಿಗೂ ಏನೋ ಕಳೆದುಕೊಂಡ ಹಾಗೆ.

ಒಂದು ಸಂಜೆ ಗೇಟಿನ ಹತ್ತಿರ ಅವನು ತಡವರಿಸಿದ.

"ಒಂದು ಮಾತು ಹೇಳ್ಬೇಕು. ದೊಡ್ಡಪ್ಪನ ಎದುರು ನಾನು ಒಳ್ಳೆಯವನ ಹಾಗೆ ಕಾಣ್ತೀನಿ. ಅದು ಎಸಿ ಬಂದ್ ಮಾಡಿದ ಲೆಕ್ಕ. ಮನೇಲಿ ಹಟಮಾರಿ, ಬೆಳಗ್ಗೆ ಎದ್ದ ತಕ್ಷಣ ಮುಖ ಸಿಂಡರಿಸ್ತೀನಿ. ಒಪ್ಪಿಕೊಂಡ ಮೇಲೆ ಮೂರು ಕಮ್ಮಿ ಬಂತು ಅಂತ ನೀವು ಬಾಗಿಲು ಎಳೀಬಾರದು."

"ಒಪ್ಪಿಕೊಳ್ಳೋದಾ? ಕೇಳಿದ್ದೇ ಯಾವಾಗ ನೀವು?"

"ಈಗ ಕೇಳ್ತಿದ್ದೀನಿ."

ಅವಳಿಗೆ ಸಿಟ್ಟೇ ಬಂತು. ಇಷ್ಟು ದಿನ ಬೇಕಾಯಿತೇ ಇವನಿಗೆ? ಆದರೆ ಕಣ್ಣು ತುಂಬಿಬಂದಿತ್ತು.

"ನೀವು ಮೊದಲ ದಿನ ನೋಡಿದ್ದೇ ನನ್ನ ಅತಿ ಕೆಟ್ಟ ಅಂಕಿ" ಎಂದಳು. "ಅದಕ್ಕಿಂತ ಕೆಳಗೆ ನಾನಂತೂ ಇಳಿಯಲ್ಲ."

"ಇಳಿದ್ರೆ?"

"ಇಳಿದ್ರೆ, ನಿಮಗೆ ಓಡಿಸೋಕೆ ಬರಲ್ಲ ಅಂತ ಮಾತ್ರ ಹೇಳಲ್ಲ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.