ಬದುವಿನಾಚೆಯ ಡಾಕ್ಟರ್

“ಯಾವ ಕಂಪನಿಯವ್ರು ನೀವು?”

ಸೂರ್ಯಕಾಂತಿ ಸಾಲುಗಳ ನಡುವಿನಿಂದಲೇ ಗಂಗಾಂಬಿಕಾ ಕೂಗಿದಳು. ಬದುವಿನಾಚೆ ನೆರೆಯ ಗಾಳೆಪ್ಪನ ಹೊಲದಲ್ಲಿ, ಮುಖಕ್ಕೆ ಬಲೆ ಇಳಿಬಿಟ್ಟುಕೊಂಡ ಎತ್ತರದ ಮನುಷ್ಯನೊಬ್ಬ ನಂಬರು ಬರೆದ ಬಿಳಿ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ.

“ಜೇನಿನ ಕಂಪನಿ ರೀ. ಕೆಲಸಗಾರರು ಭಾಳ ಅದಾರ, ಯಾರಿಗೂ ಪಗಾರ ಇಲ್ಲ.”

ಅವಳಿಗೆ ನಗು ಬರಲಿಲ್ಲ. ಅದು 2006. ಅದಿರು ರಾಶಿ ಹಾಕಲು ಗಣಿ ಕಂಪನಿಯೊಂದಕ್ಕೆ ಚೋರನೂರಿನ ರಸ್ತೆ ಬದಿಯ ಜಾಗ ಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಹೊಲ ಅವಳಿಗೂ ಅಣ್ಣ ಮನೋಹರನಿಗೂ ಸೇರಿತ್ತು. ಅಣ್ಣ ಮಾರೋಣ ಎನ್ನುತ್ತಿದ್ದ. ಬಂದ ಗಂಡುಗಳನ್ನೆಲ್ಲ ಬೇಡವೆಂದು ಬೇಸಾಯಕ್ಕೆ ನಿಂತಿದ್ದ ಗಂಗಾಂಬಿಕಾ ಸಹಿ ಹಾಕಲು ಒಪ್ಪಿರಲಿಲ್ಲ. ಹೊಲದ ಹತ್ತಿರ ಯಾರ ಜೀಪು ನಿಂತರೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ವಿಚಾರಿಸಲು ಹೋಗುತ್ತಿದ್ದಳು.

ಅವನು ಬಲೆ ಎತ್ತಿದ. ಕೂದಲಲ್ಲಿ ಅಲ್ಲಲ್ಲಿ ಬೆಳ್ಳಿ. ಕಿವಿಯಿಂದ ಕುತ್ತಿಗೆಗಿಳಿದ ಹಳೆಯ ಹೊಲಿಗೆಯ ಗುರುತು.

“ತಿರುಮಲ ಅಂತ. ಹೊಸಪೇಟೆಯಾಗ ಸರ್ಜನ್ ಅದೀನಿ. ಇದು ಭಾನುವಾರದ ಹುಚ್ಚು.”

“ಸರ್ಜನ್ನರಿಗೇ ಹೊಲಿಗೆ ಹಾಕಿದ್ದು ಯಾರು?”

“ಶ್ರೀಲಂಕಾದಾಗ ಒಬ್ಬ ಮಿಲ್ಟ್ರಿ ಡಾಕ್ಟ್ರು. ಆಗ ನಾ ಶಾಂತಿಪಡೆಯಾಗ ಸಿಪಾಯಿ. ಅವರ ಕೈ ನೋಡಿನ ಡಾಕ್ಟರಿಕಿ ಓದಾಕ ಹೋದೆ.”

ಅವಳು ನಂಬಲಿಲ್ಲ. ಆದರೂ ಭಾನುವಾರ ಬಂತೆಂದರೆ ಬದುವಿನ ಹತ್ತಿರವೇ ಅವಳಿಗೆ ಏನಾದರೂ ಕೆಲಸ ಸಿಗತೊಡಗಿತು. ಜೀಪಿನಿಂದ ಇಳಿಯುವ ಮೊದಲು ಅವನು ರಸ್ತೆಯ ಎರಡೂ ಕಡೆ ನೋಡುತ್ತಿದ್ದ. ದೂರದಲ್ಲಿ ಲಾರಿ ಟೈರು ಸಿಡಿದರೆ ಕುಸಿದು ಕೂರುತ್ತಿದ್ದ. ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು.

“ಅಂಜಿಕಿ ಏನ್ರಿ ನಿಮಗ?” ಒಮ್ಮೆ ಕೆಣಕಿದಳು.

“ಹೌದ್ರಿ. ಮಿಲ್ಟ್ರಿಯಿಂದ ಬಂದಾಗ ಕೈ ನಡಗತಿದ್ವು. ಜೇನಿನ ಮುಂದ ಕೈ ಅವಸರ ಮಾಡಂಗಿಲ್ಲ, ಮಾಡಿದ್ರ ಕಚ್ಚತಾವ. ಈ ಹುಳಗಳ ನನ್ನ ಕೈ ನಡುಕ ನಿಲ್ಲಿಸಿದ್ವು.”

ಅಷ್ಟರಲ್ಲಿ ಒಂದು ಹುಳ ಅವಳ ಮಣಿಕಟ್ಟಿನ ಮೇಲೆ ಕೂತಿತು. ಕೊಡವಲು ಹೋದವಳ ಬೆರಳುಗಳನ್ನು ಅವನು ಮೆಲ್ಲಗೆ ಹಿಡಿದ. “ಅಲುಗಾಡಬ್ಯಾಡ್ರಿ.” ಹುಳ ಹಾರಿಹೋಯಿತು. ಬೆರಳು ಬಿಡಲು ಅವನು ಮರೆತ, ಬಿಡಿಸಿಕೊಳ್ಳಲು ಅವಳೂ ಮರೆತಳು.

ಆ ಸಂಜೆ ಮನೋಹರ್ ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ. “ಆ ಡಾಕ್ಟರನ ಆಸ್ಪತ್ರಿ ಯಾರದು ಗೊತ್ತೈತೇನು? ನಮ್ಮ ಹೊಲ ಕೇಳಿದ ಅದಿರು ಧಣಿದು. ಜೇನು ಬರೇ ನೆಪ.”

ಮುಂದಿನ ಭಾನುವಾರ ಅವಳು ನೇರವಾಗಿ ಕೇಳಿದಳು.

“ಖರೇ ಐತ್ರಿ, ಸಂಬಳ ಅವರದು,” ಎಂದ ತಿರುಮಲ. “ಹೊಲ ನೋಡಾಕ ಮಾತ್ರ ನನ್ನ ಯಾರೂ ಕಳಿಸಿಲ್ಲ.”

ಅವನು ಸುಳ್ಳು ಹೇಳಿದ್ದರೆ ಬೈದು ಕಳಿಸಬಹುದಿತ್ತು. ಅರ್ಧ ಒಪ್ಪಿಕೊಂಡಿದ್ದೇ ಅವಳ ನಿದ್ದೆಗೆಡಿಸಿತು.

ಹೂವು ತುಂಬಿ ನಿಂತಿದ್ದಾಗ ಅದು ಆಯಿತು. ಪೆಟ್ಟಿಗೆಗಳ ಮುಂದೆ ಜೇನುಹುಳಗಳು ರಾಶಿ ರಾಶಿ ಸತ್ತುಬಿದ್ದಿದ್ದವು. ಮಂಡಿಯೂರಿ ಕೂತಿದ್ದ ತಿರುಮಲ ತಲೆ ಎತ್ತಿ ಅವಳನ್ನು ನೋಡಿದ. ಅಂಥ ನೋಟವನ್ನು ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ.

“ಬೆಳಿಗೆ ಹುಳ ಕೊಲ್ಲೋ ಎಣ್ಣಿ ಹೊಡದೀರೇನು?”

“ಹೂವಿನ ಕಾಲದಾಗ ಯಾರ್ ಹೊಡೀತಾರ್ರಿ? ಜೇನು ಸತ್ರ ನಮ್ಮ ಕಾಳ ಜೊಳ್ಳಾಗೂದಿಲ್ಲೇನು?”

“ವಾಸನಿ ನಿಮ್ಮ ಹೊಲದ ಕಡಿಂದನ ಬರಾಕತ್ತೈತಿ.”

“ಹಂಗಾದ್ರ ನಿಮ್ಮ ಧಣೀನ್ನ ಕೇಳ್ರಿ!”

ಅವನು ಪೆಟ್ಟಿಗೆಗಳನ್ನು ಜೀಪಿಗೆ ಏರಿಸಿಕೊಂಡು ಹೋಗಿಬಿಟ್ಟ.

ಅವಳು ಕಣ್ಣೊರೆಸಿಕೊಳ್ಳುತ್ತ ಕೊಟ್ಟಿಗೆಗೆ ಬಂದಳು. ಔಷಧ ಹೊಡೆಯುವ ಪಂಪು ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಅಣ್ಣನ ಅಂಗಿ, ಅದರಲ್ಲೂ ಅದೇ ಘಾಟು.

“ಅಣ್ಣಾ, ಇದೇನಿದು?”

ಬಾಗಿಲಲ್ಲಿದ್ದ ಮನೋಹರ್ ಒಳಬಂದು ಪಂಪನ್ನು ಮೂಲೆಗೆ ಸರಿಸಿದ. “ಕಾಳು ಕಟ್ಟಲಿಲ್ಲ ಅಂದ್ರ ನೀನ ಸಹಿ ಹಾಕ್ತಿ ಅಂದ್ಕೊಂಡೆ. ಈ ಅದಿರಿನ ಕೆಂಪು ಧೂಳಿನಾಗ ಎಷ್ಟು ದಿನ ಜೀವ ಸವಸ್ತಿ, ಗಂಗಾ?”

ಹೊರಗಿನವನ ಮೇಲೆ ಕಣ್ಣಿಟ್ಟು ಕೂತವಳು ಮನೆಯೊಳಗೆ ನೋಡಿರಲೇ ಇಲ್ಲ. ಅಣ್ಣನ ಮೇಲೆ ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು.

ಮರುದಿನ ಹೊಸಪೇಟೆ ಬಸ್ಸು ಹತ್ತಿದಳು. ತಿರುಮಲ ಆಪರೇಷನ್ ಮುಗಿಸಿ ಹಸಿರು ಗೌನಿನಲ್ಲೇ ತನ್ನ ರೂಮಿಗೆ ಬಂದಾಗ, ಕೂರದೆ ನಿಂತೇ ಎಲ್ಲ ಹೇಳಿದಳು.

“ನಾ ನಿಮ್ಮನ್ನ ಅನುಮಾನ ಮಾಡಿದೆ,” ಎಂದ ಅವನು.

“ನಾನೂ ಮಾಡಿದ್ನಲ್ರಿ.”

“ನಂದು ಹಳೇ ರೋಗ. ಶ್ರೀಲಂಕಾದಾಗ ನಕ್ಕೋತ ನೀರು ಕೊಟ್ಟ ಮನಿಯಿಂದನ ಗುಂಡು ಬಂತು. ಅವತ್ತಿಂದ ಯಾರಾದ್ರೂ ಚಂದ ನಕ್ರ ಅಂಜಿಕಿ ನನಗ.” ಅವನು ಗೌನಿನ ದಾರ ಬಿಚ್ಚುತ್ತ ತಲೆ ತಗ್ಗಿಸಿದ. “ನೀವು ಭಾಳ ಚಂದ ನಗ್ತೀರಿ.”

ಅವನು ಗೌನು ಕಳಚಿ ಮೊಳೆಗೆ ತೂಗುಹಾಕಿದ.

“ನಿಮ್ಮಣ್ಣನ ಹತ್ರ ನಾ ಬಂದು ಮಾತಾಡ್ಲೇನು?”

“ಏನಂತ?”

“ಕೇಳಾಕ.”

ಅವಳ ಹುಬ್ಬು ಗಂಟಿಕ್ಕಿತು. “ಹೊಲಾನಾ?”

ತಿರುಮಲ ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. “ಹೊಲ ನಿಮ್ಮ ಹೆಸರಿಗೇ ಇರ್ಲಿ ರೀ. ಹೆಣ್ಣು ಕೇಳಾಕ.”

ಗಂಗಾಂಬಿಕಾ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅವನ ಎದುರಿಗೆ ಕೂತಳು.

“ಅಣ್ಣನ್ನ ಯಾಕ ಕೇಳ್ತೀರಿ?” ಎಂದಳು. “ನನ್ನ ಕೇಳ್ರಿ.”